ಗುಳೇದಗುಡ್ಡದ ಖಣ ಮತ್ತು ನನ್ನ ಸ್ಕೆಚ್‌ಬುಕ್

ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಚಾರ್ಜರ್ ಪಕ್ಕ ಯಾವಾಗಲೂ ಒಂದು ಸ್ಕೆಚ್‌ಬುಕ್ ಇರುತ್ತೆ. ಅದರ ತುಂಬ ಬರೀ ಸ್ಕರ್ಟ್‌ಗಳು. ಎ-ಲೈನ್, ಪ್ಲೀಟ್ಸ್, ಪೆನ್ಸಿಲ್, ಅಂಬ್ರೆಲಾ, ಮೂರು ಮೆಟ್ಟಿಲಿನ ಫ್ರಿಲ್. ಹೆಚ್ಚಿನವು ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ಮಾಡಿಕೊಂಡು ಬಿಡಿಸಿದವು. ನಮ್ಮ ಮ್ಯಾನೇಜರ್ ಇದನ್ನು ಓದದಿರಲಿ.

ಅವ್ವನಿಗೆ ಮಾತ್ರ ತೋರಿಸಿರಲಿಲ್ಲ. ಅವ್ವ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದವಳು. ನನ್ನ ಇಂಜಿನಿಯರಿಂಗ್ ಫೀಸು ಆ ಮಷೀನಿನಿಂದಲೇ ಬಂದದ್ದು. ನಾನು ಅದರ ಮುಂದೆ ಕೂತರೆ ಸಾಕು, "ಏಳು, ಹೋಗಿ ಓದ್ಕೊ" ಅಂತ ಎಬ್ಬಿಸುತ್ತಿದ್ದಳು. ಗುಂಡಿ ಹಚ್ಚೋದೊಂದು ಬಿಟ್ಟು ಬೇರೇನೂ ಕಲಿಸಲಿಲ್ಲ.

ಈ ಸಲ ರಜೆಗೆ ಹೋದಾಗ ಖಣದ ಬಟ್ಟೆ ತರೋಣ ಬಾ ಅಂತ ಅವಳನ್ನೇ ಹೊರಡಿಸಿದೆ. ಹುಬ್ಬಳ್ಳಿಯಿಂದ ಗದಗ ದಾಟಿ ಬಾದಾಮಿವರೆಗೆ ರೈಲು, ಮುಂದೆ ಬಸ್ಸು. ಬಾದಾಮಿಗೆ ಬರುವ ಪ್ರವಾಸಿಗರು ಗುಹೆ ನೋಡಿ ಪಟ್ಟದಕಲ್ಲು, ಐಹೊಳೆ ಕಡೆ ಹೊರಟುಬಿಡ್ತಾರೆ. ಗುಳೇದಗುಡ್ಡದ ಬಸ್ಸಿನಲ್ಲಿ ಕ್ಯಾಮೆರಾ ಹಿಡಿದವಳು ನಾನೊಬ್ಬಳೇ. ಕಿಟಕಿಯಾಚೆ ಅದೇ ಕೆಂಪು ಕಲ್ಲಿನ ಗುಡ್ಡಗಳು.

ಊರೊಳಗೆ ನಡೆಯುತ್ತಿದ್ದರೆ ಮಗ್ಗದ ಸದ್ದೇ ದಾರಿ ತೋರಿಸುತ್ತೆ. ನಾವು ಹೋದ ಮನೆಯಲ್ಲಿ ಒಬ್ಬ ಅಜ್ಜಾರು ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದರು. ರೇಷ್ಮೆ, ಹತ್ತಿ ಎರಡೂ ಸೇರಿದ ಬಟ್ಟೆ. ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ ಅಂತ ಒಂದೊಂದು ವಿನ್ಯಾಸಕ್ಕೂ ಹೆಸರಿದೆ. ಇದು ಕುಬಸಕ್ಕೆಂದೇ ಹುಟ್ಟಿದ ಬಟ್ಟೆ, ಹಾಗಾಗಿ ಪನ್ನ ಕಡಿಮೆ. ಬೆಂಗಳೂರಿನ ಬಟ್ಟೆ ಅಂಗಡಿಯ ಅಗಲ ಇಲ್ಲಿ ಸಿಗಲ್ಲ. ಇದು ನನ್ನ ತಲೆಗೆ ಬಂದೇ ಇರಲಿಲ್ಲ!

ನನಗೆ ಬೇಕಾಗಿದ್ದದ್ದು ಪೂರ್ತಿ ಅಂಬ್ರೆಲಾ ಸ್ಕರ್ಟ್. ಲೆಕ್ಕ ಸುಲಭ: ಸೊಂಟದ ಸುತ್ತಳತೆಯನ್ನು 6.28ರಿಂದ ಭಾಗಿಸಿದರೆ ಒಳವೃತ್ತದ ತ್ರಿಜ್ಯ. 28 ಇಂಚಿಗೆ ಸುಮಾರು ನಾಲ್ಕೂವರೆ. ಉದ್ದ 38 ಸೇರಿಸಿ. ವೃತ್ತದ ಅಡ್ಡಳತೆಯೇ 85 ಇಂಚಾಯಿತು. ಅಜ್ಜಾರಿಗೆ ಸ್ಕೆಚ್‌ಬುಕ್ ತೆಗೆದು ತೋರಿಸಿದೆ. ಅವರು ಚಿತ್ರ ನೋಡಿದರು, ಮಗ್ಗ ನೋಡಿದರು, ನಕ್ಕರು.

ಅಷ್ಟರಲ್ಲಿ ಪುಸ್ತಕ ಅವ್ವನ ಕೈಯಲ್ಲಿತ್ತು. ಒಂದೊಂದೇ ಹಾಳೆ ತಿರುವಿದಳು. ಬೈಗುಳ ಬರುತ್ತೆ ಅಂತ ಕಾದೆ.

"ಇವು ಯಾರ ಕಾಲು? ಇಷ್ಟುದ್ದ ಕಾಲು ನಮ್ಮ ಮನ್ಯಾಗ ಯಾರಿಗದಾವ?"

ಫ್ಯಾಷನ್ ಚಿತ್ರದಲ್ಲಿ ಆಕೃತಿಯನ್ನು ಒಂಬತ್ತು ತಲೆಯಷ್ಟು ಎತ್ತರ ಬಿಡಿಸ್ತಾರೆ. ನಿಜವಾದ ಮನುಷ್ಯರು ಏಳು, ಏಳೂವರೆ ತಲೆ. ಹೆಚ್ಚಿದ್ದೆಲ್ಲ ಕಾಲಿಗೇ ಹೋಗುತ್ತೆ. ಅದಕ್ಕೇ ಕಾಗದದ ಮೇಲೆ ಎಲ್ಲ ಸ್ಕರ್ಟೂ ಚಂದ. ಇದನ್ನು ಹೇಳಿದರೆ ಅವ್ವ ಕೇಳಿಸಿಕೊಳ್ಳಲೇ ಇಲ್ಲ. ಪೆನ್ಸಿಲ್ ಸ್ಕರ್ಟಿಗೆ ಬಂದಿದ್ದಳು. "ಹಿಂದ ಸೀಳು ಎಲ್ಲಿ? ಬಸ್ ಹೆಂಗ ಹತ್ತಬೇಕು ಈಕಿ?" ಆಮೇಲೆ, "ಹುಕ್ಕು ಯಾವ ಕಡೆ?" ಐದು ವರ್ಷದಲ್ಲಿ ನಾನು ಒಂದಕ್ಕೂ ಹುಕ್ಕು ಬಿಡಿಸಿರಲಿಲ್ಲ.

ಪೆನ್ಸಿಲ್ ಕೇಳಿ ತಗೊಂಡಳು. ಅಂಬ್ರೆಲಾ ಚಿತ್ರದ ಪಕ್ಕದಲ್ಲೇ ಒಂದು ಆಯತ, ಅದರೊಳಗೆ ಓರೆಯಾಗಿ ಒಂದು ಗೆರೆ. "ಇಲ್ಲಿ ಕತ್ತರಿಸು. ಎರಡು ಕಳಿ. ಒಂದನ್ನ ತಲಿಕೆಳಗ ಮಾಡು. ಎರಡೂ ಮ್ಯಾಲ ಸಣ್ಣ, ಕೆಳಗ ಅಗಲ. ಬಟ್ಟಿ ಒಂಚೂರೂ ಹಾಳಾಗಂಗಿಲ್ಲ." ನಾಲ್ಕು ತುಂಡಿಗೆ ಎಂಟು ಕಳಿ. ಹೊಲಿಗೆಗೆ ಬಿಡೋದೂ ಸೇರಿ ಒಂದೊಂದರ ಮೇಲ್ತುದಿ ನಾಲ್ಕೂವರೆ ಇಂಚು. ಕೂಡಿಸುವಾಗ ಒಂದರ ಓರೆ ಅಂಚಿಗೆ ಇನ್ನೊಂದರ ನೇರ ಅಂಚು ಬರಬೇಕಂತೆ, ಇಲ್ಲದಿದ್ದರೆ ಓರೆ ಕಡೆ ಜೋತುಬೀಳುತ್ತೆ. ಕಿರಿದಾದ ಬಟ್ಟೆಯಲ್ಲಿ ಘೇರು ತರೋದು ಹೀಗೆ.

ನಾನು ತೇರಿನ ಖಣ ಎತ್ತಿಕೊಂಡಿದ್ದೆ. ಅವ್ವ ಕೆಳಗಿಡಿಸಿದಳು. ಒಂದು ಬಿಟ್ಟು ಒಂದು ಕಳಿ ತಲೆಕೆಳಗಾದರೆ ಅರ್ಧ ತೇರು ಮಗುಚಿ ಬೀಳುತ್ತವಲ್ಲ! ಮೇಲು-ಕೆಳಗು ಇಲ್ಲದ ಸಣ್ಣ ಬುಟ್ಟಾದ ಬಟ್ಟೆಯನ್ನು ಅಜ್ಜಾರೇ ಹುಡುಕಿ ಕೊಟ್ಟರು. ಕಡುಗೆಂಪು.

"ಏನ ಹೊಲಿತೀರವ್ವಾ?"

"ಪರಕಾರ" ಅಂದಳು ಅವ್ವ. ಬೆಂಗಳೂರಿನವರು ಲಂಗ ಅನ್ನೋದು ನಮ್ಮ ಕಡೆ ಪರಕಾರ. ನಾನು ಇಂಡೋ-ವೆಸ್ಟರ್ನ್ ಸ್ಕರ್ಟ್ ಅಂತ ಇನ್‌ಸ್ಟಾಗ್ರಾಮಿನಲ್ಲಿ ಸೇವ್ ಮಾಡಿಟ್ಟದ್ದೂ ಅದೇ.

40 ಇಂಚಿನ ನಾಲ್ಕು ತುಂಡು, ಪಟ್ಟಿಗೆ ಇನ್ನಷ್ಟು. ಫೋನಿನಲ್ಲಿ ಲೆಕ್ಕ ಹಾಕಿ ನಾಲ್ಕೂವರೆ ಮೀಟರ್ ಸಾಕು ಅಂದೆ. ಅಜ್ಜಾರು ಅಳೆಯತೊಡಗಿದರು. ಅವ್ವ ಪೆನ್ಸಿಲನ್ನು ಪುಸ್ತಕದೊಳಗಿಟ್ಟು ನನ್ನ ಬ್ಯಾಗಿಗೆ ಹಾಕಿದಳು.

"ಒಂದು ಮೀಟರ್ ಜಾಸ್ತಿನೇ ಹಾಕ್ರಿ ಅಜ್ಜಾರ. ಈಕಿ ಮೊದಲನೇ ಸಲ ಕತ್ತರಿಸಾಕಿ, ಒಂದೆರಡು ಕಳಿ ಕೆಡಸ್ತಾಳ."