ಹಲಗೆ ಕಲಿಸಿದ ಪಾಠ

ಶ್ರೀಮಠದ ಶಾಲೆಯ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ವಿದ್ವತ್ತಿನ ವಿಷಯವನ್ನು ಬರೆಯುವ ಅರ್ಹತೆ ನನಗಿಲ್ಲವೆಂದು ಹಿಂಜರಿದೆ. “ನಿಮ್ಮ ಕಾಯಕದ ವಿಷಯವನ್ನೇ ಬರೆಯಿರಿ” ಎಂದು ಅವರು ಧೈರ್ಯ ತುಂಬಿದರು. ಆದುದರಿಂದ ಹನಗೋಡಿನ ನನ್ನ ಮರಗೆಲಸದ ಶೆಡ್ಡಿನಲ್ಲಿ ನನ್ನಿಂದಾದ ತಪ್ಪೊಂದನ್ನೂ ಅದರಿಂದ ಕಲಿತುದನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಲಕ್ಷ್ಮಣತೀರ್ಥದ ದಡದಲ್ಲಿರುವ ನಮ್ಮೂರಿಗೆ ನಾಗರಹೊಳೆಯ ಕಾಡು ಸಮೀಪ. ಮರ, ಉಳಿ, ಬಾಚಿಗಳ ಪರಿಚಯ ಇಲ್ಲಿಯವರಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಡಗಿಯ ಕೆಲಸವನ್ನೇ ಕಾಯಕವಾಗಿ ಕೈಗೊಂಡಿದ್ದ ಬಾಚಿಕಾಯಕದ ಬಸವಯ್ಯನವರ ಹೆಸರನ್ನು ನಾನು ಮೊದಲು ಕೇಳಿದ್ದು ಈ ಶಾಲೆಯ ಕರಕುಶಲ ತರಗತಿಯಲ್ಲಿ. “ಉಳಿ ಹಿಡಿಯುವ ಮೊದಲು ಹಲಗೆಯನ್ನು ಭದ್ರವಾಗಿ ಹಿಡಿಸು, ಸಡಿಲ ಹಿಡಿತದಲ್ಲಿ ಹರಿತವಾದ ಉಳಿಯೂ ಶತ್ರು” ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಈ ಮಾತಿನ ಪೂರ್ಣಾರ್ಥ ನನಗಾದದ್ದು ಬಹಳ ತಡವಾಗಿ.

ಕೆಲವು ವರ್ಷಗಳ ಹಿಂದೆ ಸಿಎನ್‌ಸಿ ಯಂತ್ರವೊಂದನ್ನು ನಾನೇ ಕೈಯಾರೆ ಕಟ್ಟಿದೆ. ಸಂಖ್ಯಾರೂಪದ ಆಜ್ಞೆಗಳಿಂದ ಯಂತ್ರವನ್ನು ನಡೆಸುವ ಈ ವಿದ್ಯೆ 1952ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರದರ್ಶಿತವಾದಾಗ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಲ್ಲುವಂಥದಾಗಿತ್ತು. ಇಂದು ಅಂಗೈಯಗಲದ ನಿಯಂತ್ರಕವೂ ನಾಲ್ಕಾರು ಮೋಟಾರುಗಳೂ ಇದ್ದರೆ ಹಳ್ಳಿಯ ಶೆಡ್ಡಿನಲ್ಲಿಯೂ ಅದು ಸಾಧ್ಯ. ಮರವನ್ನು ಕೊರೆಯುವುದು ರೌಟರ್. ಆ ರೌಟರನ್ನು ಯಂತ್ರಕ್ಕೆ ಬಂಧಿಸುವ ಬಳೆಯೇ ಮೌಂಟ್. ಇಡೀ ಯಂತ್ರದಲ್ಲಿ ಅತ್ಯಂತ ಚಿಕ್ಕದಾದ ಈ ಭಾಗವನ್ನು ನಾನು ಅತ್ಯಂತ ಉಪೇಕ್ಷೆಯಿಂದ ಆರಿಸಿದೆ.

ನನ್ನಲ್ಲಿದ್ದುದು 65 ಮಿಲಿಮೀಟರ್ ವ್ಯಾಸದ ಮೈಯುಳ್ಳ ಮಕಿಟಾ ಟ್ರಿಮ್ಮರ್. ಬೇರೆ ಕೆಲವು ರೌಟರುಗಳ ಮೈ 69 ಮಿ.ಮೀ.; ಯೂರೋಪಿನ ಮಾದರಿಯವುಗಳ ಕತ್ತು 43 ಮಿ.ಮೀ. ಆದ್ದರಿಂದ ಮೊದಲು ಕ್ಯಾಲಿಪರ್‌ನಿಂದ ಅಳೆದು ಅನಂತರ ಮೌಂಟನ್ನು ಹುಡುಕುವುದು ವಿವೇಕ. ಮೌಂಟನ್ನು ಪ್ಲೈವುಡ್ಡಿನಲ್ಲಿ ಮಾಡಬಹುದು, ತ್ರಿ-ಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನಿಂದ ಮುದ್ರಿಸಬಹುದು, ಇಲ್ಲವೇ ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆಸಬಹುದು. ಪ್ಲೈವುಡ್ ಅಗ್ಗವಾದರೂ ಮಳೆಗಾಲದ ತೇವಕ್ಕೆ ಉಬ್ಬಿ ಬೇಸಗೆಯಲ್ಲಿ ಕುಗ್ಗುತ್ತದೆ. ಪ್ಲಾಸ್ಟಿಕ್ ನೋಡಲು ಅಂದ, ಮಾಡಲು ಸುಲಭ. ನಾನು ಅದನ್ನೇ ಮಾಡಿಕೊಂಡೆ.

ಆಗಲೇ ಹಳೆಯ ವಿದ್ಯಾರ್ಥಿಗಳು ನಿವೃತ್ತ ಗುರುಗಳ ಹೆಸರುಗಳನ್ನು ಕೆತ್ತಿದ ಫಲಕವೊಂದನ್ನು ಶಾಲೆಗೆ ಅರ್ಪಿಸಲು ನಿಶ್ಚಯಿಸಿದರು. ಹಳೆಯ ಕಟ್ಟಡದ ಬಾಗಿಲಿನಿಂದ ಉಳಿದಿದ್ದ ತೇಗದ ಹಲಗೆಯನ್ನು ನನ್ನ ವಶಕ್ಕೆ ಕೊಟ್ಟರು. ಅಂಥ ಹಲಗೆ ಮತ್ತೊಂದಿರಲಿಲ್ಲ. ಕೆಲಸ ಆರಂಭಿಸಿದ್ದು ಏಪ್ರಿಲ್ ತಿಂಗಳಲ್ಲಿ, ತಗಡಿನ ಮಾಡಿನ ಕೆಳಗೆ. ನಾನು ಬಳಸಿದ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆದುವಾಗುತ್ತದೆ. ಎರಡು ಗಂಟೆ ಎಡೆಬಿಡದೆ ತಿರುಗಿದ ರೌಟರಿನ ಬಿಸಿಗೆ ಬಳೆಯ ಬಿಗಿ ಸಡಿಲಿತು. ಹೊಟ್ಟನ್ನು ಮೇಲಕ್ಕೆಸೆಯುವ ಸುರುಳಿ ಬಿಟ್ ತನ್ನನ್ನು ತಾನೇ ಮರದೊಳಕ್ಕೆ ಎಳೆದುಕೊಳ್ಳುವ ಸ್ವಭಾವದ್ದು. ರೌಟರ್ ಮೆಲ್ಲಮೆಲ್ಲನೆ ಜಾರಿತು. ಮೂರು ಮಿಲಿಮೀಟರ್ ಇರಬೇಕಾದ ಆಳ ಇಮ್ಮಡಿಯಾಯಿತು. ಅಕ್ಷರದ ಅಂಚು ಸಿಗಿದುಹೋಯಿತು. ಸ್ವಿಚ್ ಆರಿಸಿ ಬಗ್ಗಿ ನೋಡಿದೆ. ಕೆಟ್ಟಿದ್ದುದು ನಮ್ಮ ಕರಕುಶಲದ ಮೇಷ್ಟ್ರ ಹೆಸರು!

ಅಂದು ರಾತ್ರಿ ನಿದ್ರೆ ಬರಲಿಲ್ಲ. ಮಾರನೆಯ ದಿನ ಯಂತ್ರವನ್ನೇ ಬಿಚ್ಚಿಡುವ ಮನಸ್ಸಿನಿಂದ, ನೆರೆಯ ಹಿರಿಯ ಆಚಾರ್ರಿಗೆ ಹಲಗೆಯನ್ನು ತೋರಿಸಿದೆ. ಅವರು ಬೆರಳಿನಿಂದ ಸವರಿ, “ಮಿಷಿನ್ನು ತಪ್ಪು ಮಾಡಿಲ್ಲ ಸ್ವಾಮಿ, ಹಿಡ್ಕೊಂಡಿದ್ದು ಸರಿಯಿಲ್ಲ” ಎಂದರು. ಮೇಷ್ಟ್ರ ಮಾತೇ ಬೇರೊಬ್ಬರ ಬಾಯಿಂದ ಬಂದಂತಾಯಿತು.

ಮೈಸೂರಿನ ಲೇತ್ ಕಾರ್ಯಾಗಾರವೊಂದರಲ್ಲಿ ಅಲ್ಯೂಮಿನಿಯಂ ಗಟ್ಟಿಯನ್ನು 65 ಮಿ.ಮೀ.ಗೆ ಕೊರೆಸಿ, ಒಂದು ಪಕ್ಕದಲ್ಲಿ ಸೀಳಿಸಿ, ಎರಡು ಬೋಲ್ಟುಗಳಿಂದ ಬಿಗಿಯುವಂತೆ ಮಾಡಿಸಿದೆ. ಬಿಗಿಯುವುದರಲ್ಲಿಯೂ ಮಿತಿಯುಂಟು, ಅತಿಯಾದರೆ ರೌಟರಿನ ಮೈ ಅಮುಕಿ ಬೇರಿಂಗಿಗೆ ಧಕ್ಕೆ. ಗಾಳಿಯ ಕಿಂಡಿಗಳನ್ನು ಮುಚ್ಚಬಾರದು. ಕಾರ್ಬನ್ ಬ್ರಷ್ ಸವೆದಾಗ ರೌಟರನ್ನು ಸುಲಭವಾಗಿ ಹೊರತೆಗೆಯುವಂತಿರಬೇಕು. ಬಳೆ ಆದಷ್ಟು ಕೆಳಗೆ, ಬಿಟ್ಟಿನ ಸಮೀಪದಲ್ಲಿ ಹಿಡಿಯಬೇಕು. ಒಂದು ಕಡೆ ಮಾತ್ರ ಆಧಾರವುಳ್ಳ ಸರಳು ಇಮ್ಮಡಿ ಉದ್ದ ಚಾಚಿದರೆ ಅದೇ ಭಾರಕ್ಕೆ ಎಂಟು ಪಟ್ಟು ಬಾಗುತ್ತದೆ ಎಂಬುದು ಗಣಿತದ ಲೆಕ್ಕ. ಕೊನೆಗೆ, ಪ್ಲಗ್ ಕಿತ್ತು, ಕಾಲೆಟ್ಟಿಗೆ ಬಗ್ಗಿಸಿದ ತಂತಿಯೊಂದನ್ನು ಸಿಕ್ಕಿಸಿ ಕೈಯಿಂದ ತಿರುಗಿಸಿದೆ. ನಾಲ್ಕು ದಿಕ್ಕಿನಲ್ಲಿಯೂ ತಂತಿಯ ತುದಿ ಮೇಜಿನ ಮೇಲಿನ ಕಾಗದವನ್ನು ಒಂದೇ ಸಮನಾಗಿ ಸೋಕಿದರೆ ರೌಟರ್ ನೆಟ್ಟಗಿದೆಯೆಂದು ಅರ್ಥ. ಸೋಕುವವರೆಗೆ ತೆಳು ತಗಡಿನ ಚೂರುಗಳನ್ನು ಕೊಟ್ಟು ಸರಿಪಡಿಸಿದೆ.

ಸಿಗಿದ ಜಾಗವನ್ನು ಆಚಾರ್ರು ಉಳಿಯಿಂದ ಚೌಕವಾಗಿ ತೆಗೆದು, ಅದೇ ಹಲಗೆಯ ಅಂಚಿನ ತುಂಡನ್ನು ಎಳೆಗೆ ಎಳೆ ಕೂಡುವಂತೆ ಕೂರಿಸಿದರು. ಅದರ ಮೇಲೆ ಯಂತ್ರವು ಮೇಷ್ಟ್ರ ಹೆಸರನ್ನು ಮತ್ತೆ ಕೆತ್ತಿತು. ಫಲಕವನ್ನು ಅರ್ಪಿಸಿದ ದಿನ ಮೇಷ್ಟ್ರು ಬಂದಿದ್ದರು. ನಡೆದುದನ್ನು ಮುಚ್ಚಿಡದೆ ಅವರಲ್ಲಿ ಅರಿಕೆ ಮಾಡಿಕೊಂಡೆ. ಅವರು ತೇಪೆಯ ಮೇಲೆ ಬೆರಳಾಡಿಸಿ, “ಈಗ ಹಿಡಿತ ಸರಿಯಾಗಿದೆಯೇನಯ್ಯ?” ಎಂದಷ್ಟೇ ಕೇಳಿದರು.

ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಆ ತೇಪೆ ಇಂದಿಗೂ ಕಾಣುತ್ತದೆ. ಅದನ್ನು ಮರೆಮಾಚಬೇಕೆಂದು ನನಗನ್ನಿಸಿಲ್ಲ. ಶಾಲೆಯ ಕಾರ್ಯಾಗಾರಕ್ಕೆ ಯಂತ್ರಗಳನ್ನು ದಾನವಾಗಿ ನೀಡುವ ಮಹನೀಯರಲ್ಲಿಯೂ, ಅವುಗಳ ಬಳಿ ಮಕ್ಕಳನ್ನು ನಿಲ್ಲಿಸುವ ಅಧ್ಯಾಪಕ ಬಂಧುಗಳಲ್ಲಿಯೂ ನನ್ನದೊಂದೇ ಬಿನ್ನಹ: ಯಂತ್ರದ ವೇಗವನ್ನು ತೋರಿಸುವ ಮೊದಲು ಅದರ ಹಿಡಿತವನ್ನು ತೋರಿಸಿರಿ.