ಬೆಳ್ಳಿ ಮರಿಗಳು



ನಮ್ಮ ಮನೆಯಲ್ಲಿ ಬೆಕ್ಕಿಗೆ ನಾಲ್ಕು ಹೆಸರು. ಶಾಲೆಯ ಪುಸ್ತಕದಲ್ಲಿ ಬೆಕ್ಕು, ತೋಟದ ಕೆಲಸಕ್ಕೆ ಬರುವವರಿಗೆ ಪುಚ್ಚೆ, ಪೇಟೆಯಲ್ಲಿ ಪೂಚ್ಚ, ಅಜ್ಜಿಯ ಬಾಯಲ್ಲಿ ಮಾಜರ್. ಕಾಸರಗೋಡಿನ ಕಡೆಯವರಿಗೆ ಇದೇನೂ ಹೊಸತಲ್ಲ. ಆದರೆ ಪರ್ಷಿಯನ್ ಬೆಕ್ಕು ಸಾಕಲು ಹೊರಟ ಮೇಲೆ ನಾವು ಐದನೆಯ ಭಾಷೆಯೊಂದನ್ನೂ ಕಲಿಯಬೇಕಾಯಿತು. ಅದು ಬಣ್ಣದ ಭಾಷೆ. ನಮ್ಮ ಕಣ್ಣಿಗೆ ಬೂದಿ ಬಣ್ಣದ ಬೆಕ್ಕನ್ನು ಆ ಲೋಕದಲ್ಲಿ ‘ಬ್ಲೂ’ ಎನ್ನುತ್ತಾರೆ. ಕೆಂಚು ಬೆಕ್ಕು ‘ರೆಡ್’. ಕೂದಲಿನ ತುದಿ ಕಪ್ಪು, ಬುಡ ಬೆಳ್ಳಗಿದ್ದರೆ ‘ಸ್ಮೋಕ್’. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಒಂದು ಪದ ಬದಲಾದರೆ ಮರಿಯ ಬೆಲೆ ಮೂರು ಪಟ್ಟಾಗುತ್ತದೆ ಎಂದು.

ಬೆಕ್ಕಿನ ಪ್ರದರ್ಶನ ಹಳೆಯ ಸಂಗತಿ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 1871ರ ಜುಲೈ 13ರಂದು ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರರು ದೊಡ್ಡದೊಂದು ಪ್ರದರ್ಶನ ಏರ್ಪಡಿಸಿದ್ದರು. ಬೀದಿಯಲ್ಲಿ ಒದೆ ತಿನ್ನುವ ಪ್ರಾಣಿಯನ್ನು ಜನ ಸ್ವಲ್ಪ ಮರ್ಯಾದೆಯಿಂದ ನೋಡಲಿ ಎನ್ನುವುದು ಅವರ ಆಸೆ. ಆಮೇಲೆ ಸಂಘಗಳು ಬಂದವು: ಅಮೆರಿಕದಲ್ಲಿ 1906ರಲ್ಲಿ ಸಿಎಫ್‌ಎ, ಬ್ರಿಟನ್ನಿನಲ್ಲಿ 1910ರಲ್ಲಿ ಜಿಸಿಸಿಎಫ್, ಯುರೋಪಿನಲ್ಲಿ 1949ರಲ್ಲಿ ಫಿಫೆ. ಪ್ರತಿಯೊಂದು ತಳಿಗೂ ಒಂದು ಬರೆದಿಟ್ಟ ಮಾನದಂಡ. ತಲೆ ಹೀಗಿರಬೇಕು, ಕಿವಿ ಹೀಗಿರಬೇಕು, ಇಂತಿಂಥ ಬಣ್ಣಗಳಿಗೆ ಮಾತ್ರ ಅವಕಾಶ. ಪಟ್ಟಿಯಲ್ಲಿ ಇಲ್ಲದ ಬಣ್ಣವೊಂದು ಹುಟ್ಟಿತೆಂದರೆ ಎಲ್ಲರಿಗೂ ಮೊದಲು ಬರುವುದು ಸಂಶಯ. ಹೊರಗಿನ ತಳಿ ಯಾವಾಗಲೋ ಬೆರೆತಿರಬೇಕು, ವಂಶಾವಳಿಯಲ್ಲಿ ಯಾರೋ ಸುಳ್ಳು ಬರೆದಿರಬೇಕು.

ಇಂಥ ಸಂಶಯಕ್ಕೆ ಸಿಕ್ಕಿದ ನಾರ್ವೇಜಿಯನ್ ಫಾರೆಸ್ಟ್ ಬೆಕ್ಕಿನ ಕಥೆ ನಮಗೆ ಬಹಳ ಇಷ್ಟ. ದಪ್ಪ ತುಪ್ಪಳದ, ಹಿಮಕ್ಕೆಂದೇ ಹುಟ್ಟಿದ ಹಾಗಿರುವ ಬೆಕ್ಕು ಅದು. ಫಿಫೆ ಆ ತಳಿಯನ್ನು ಒಪ್ಪಿದ್ದು 1977ರಲ್ಲಿ. ಅದರಲ್ಲಿ ಚಾಕೊಲೇಟ್, ಲೈಲಾಕ್ ಬಣ್ಣಗಳಿಗೆ ಅವಕಾಶವಿಲ್ಲ. 1992ರಲ್ಲಿ ಸ್ವೀಡನ್ನಿನಲ್ಲಿ ಒಂದು ಸೂಲಿನ ಮರಿಗಳು ವಿಚಿತ್ರವಾಗಿ ಬಂದವು. ಹುಟ್ಟುವಾಗ ಮೈ ಕಪ್ಪಾಗಿತ್ತು. ಬೆಳೆಯುತ್ತ ಹೋದಂತೆ ಕಪ್ಪು ಹಿಂದೆ ಸರಿದು ಜೇನಿನಂಥ ಕಂದು ಮುಂದೆ ಬಂತು. ಮೂಗು, ಪಾದದ ಮೆತ್ತೆ ಮಾತ್ರ ಗಾಢವಾಗಿಯೇ ಉಳಿದವು. ನೋಡಿದವರು ಚಾಕೊಲೇಟ್ ಅಂದುಕೊಂಡರು. ಅಂದರೆ ಬೆರಕೆ ಎಂದು ಅರ್ಥ. ಹೆಸರಿಲ್ಲದ ಆ ಬಣ್ಣಕ್ಕೆ ‘ಎಕ್ಸ್’ ಎಂಬ ಗುರುತು ಬಿತ್ತು. ನಮ್ಮ ಕಡೆ ಹೆಸರು ಹೇಳಲಾಗದ ಸಂಬಂಧಿಕರನ್ನು ‘ಆ ಒಬ್ಬರು’ ಎನ್ನುತ್ತೇವಲ್ಲ, ಹಾಗೆ.

ಇಂಥ ಕಡೆ ತರ್ಕ ಸರಳ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುವ ಗುಣವನ್ನು ಹತ್ತನೆಯ ತರಗತಿಯಲ್ಲಿ ದುರ್ಬಲ ಗುಣ ಎಂದು ಓದಿದ್ದೇವೆ. ಸಂಶಯದ ಬೆಕ್ಕನ್ನು ನಿಜವಾದ ಚಾಕೊಲೇಟ್ ಬೆಕ್ಕಿನೊಂದಿಗೆ ಜೋಡಿ ಮಾಡಿದರೆ, ಎರಡೂ ಒಂದೇ ಗುಣವಾಗಿದ್ದ ಪಕ್ಷದಲ್ಲಿ ಮರಿಗಳೆಲ್ಲ ಚಾಕೊಲೇಟ್ ಆಗಬೇಕು. ಕಪ್ಪು ಮರಿ ಬಂದರೆ ಎರಡೂ ಬೇರೆ ಬೇರೆ. ಕೊನೆಗೆ ವಿಜ್ಞಾನಿಗಳೂ ಕೈಹಾಕಿದರು. 2009ರಲ್ಲಿ ಪ್ರಕಟವಾದ ಸಂಶೋಧನೆ ಕಾರಣವನ್ನು ತೋರಿಸಿತು: ಎಂಸಿ1ಆರ್ ಎಂಬ ಜೀನಿನಲ್ಲಿ ಒಂದು ಬದಲಾವಣೆ. ಕಪ್ಪು ಬಣ್ಣ ಮಾಡು, ಹಳದಿ ಬಣ್ಣ ಮಾಡು ಎಂದು ಜೀವಕೋಶಕ್ಕೆ ಹೇಳುವ ಸ್ವಿಚ್ಚು ಅದು. ಬೆರಕೆ ಅಲ್ಲ, ಆ ತಳಿಯ ಒಳಗೇ ಹುಟ್ಟಿದ ಬಣ್ಣ. ವಂಶಾವಳಿ ಹಿಡಿದು ಹಿಂದೆ ಹೋದರೆ 1981ರಲ್ಲಿ ಹುಟ್ಟಿದ ಬಾಬುಷ್ಕಾ ಎಂಬ ಹೆಣ್ಣು ಬೆಕ್ಕಿನ ತನಕ ದಾರಿ ಸಿಗುತ್ತದೆ. ಹನ್ನೊಂದು ವರ್ಷ ಆ ಗುಣ ಯಾರ ಕಣ್ಣಿಗೂ ಬೀಳದೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿತ್ತು. ಈಗ ಅದಕ್ಕೆ ‘ಆಂಬರ್’ ಎಂದು ಹೆಸರು. ಪ್ರದರ್ಶನದ ಮೇಜಿನ ಮೇಲೆ ತಲೆಯೆತ್ತಿ ಕೂರುತ್ತದೆ. ಹಾಗೆ ಹಿಂದೆ ಹೋಗಿ ಹುಡುಕಲು ಆದದ್ದು ಅಷ್ಟು ಜನ ಸಾಕಣೆಗಾರರು ಹುಟ್ಟಿದ ಮರಿಯನ್ನೆಲ್ಲ ಇದ್ದ ಹಾಗೆ ಪುಸ್ತಕದಲ್ಲಿ ಬರೆದಿಟ್ಟದ್ದರಿಂದ.

ಇದನ್ನೆಲ್ಲ ಓದುತ್ತಿದ್ದ ಕಾಲಕ್ಕೇ ನಮ್ಮ ಮಿನ್ನು ಗಬ್ಬವಾಗಿದ್ದಳು. ಮಿನ್ನು ಶುದ್ಧ ಕಪ್ಪು. ಗಂಡು ಬೆಕ್ಕೂ ಕಪ್ಪೇ; ಅದರ ತಂದೆ ತಾಯಿಯನ್ನೂ ನಾವು ನೋಡಿದ್ದೆವು. ಬೆಕ್ಕಿನ ಬಸಿರು ಸುಮಾರು ಒಂಬತ್ತು ವಾರ. ಐದನೆಯ ವಾರದಲ್ಲಿ, ಆಟಿಯ ಮಳೆ ಬಿಡದೆ ಹೊಡೆಯುತ್ತಿದ್ದಾಗ, ಅವಳಿಗೆ ಜ್ವರ ಬಂತು. ಮೂರು ದಿನ ಮೀನಿನ ತಲೆ ಇಟ್ಟರೂ ಮೂಸಲಿಲ್ಲ. ಪಶುವೈದ್ಯರು ಇಂಜೆಕ್ಷನ್ ಕೊಟ್ಟರು, ಬದುಕಿದಳು. ಮರಿಗಳು ಮೂರು. ಮೂರೂ ಬೆಳ್ಳಿ! ಬೂದಿ ಚೆಲ್ಲಿದ ಹಾಗೆ, ಮುಂಜಾನೆ ಅಡಿಕೆ ಸೋಗೆಯ ಮೇಲೆ ಇಬ್ಬನಿ ಕೂತ ಹಾಗೆ. ಅಜ್ಜಿ ಮಾತ್ರ “ಪಾಪ, ಈಗಲೇ ಮುದಿಯಾಗಿವೆ” ಎಂದರು.

ಒಬ್ಬರು ಫೋಟೊ ತೆಗೆದು ಸ್ಟೇಟಸ್ ಹಾಕಿದ್ದೇ ಸಾಕಾಯಿತು. ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ಮೂರು ಜನ ಕೇಳಿದರು. ಏಳನೆಯ ವಾರ ದಕ್ಷಿಣದ ಕಡೆಯ ಒಬ್ಬ ವ್ಯಾಪಾರಿಯ ಫೋನು. ಮರಿಯೊಂದಕ್ಕೆ ಇಪ್ಪತ್ತು ಸಾವಿರ, ಮೂರನ್ನೂ ಕೊಡಿ, ನಾಳೆಯೇ ಗಾಡಿ ಕಳಿಸುತ್ತೇನೆ, ಹೊಸ ಬಣ್ಣ, ಶೋಗೆ ಹಾಕಬಹುದು ಎಂದರು. ನಮ್ಮಲ್ಲಿ ಕಪ್ಪು ಮರಿಗೆ ಸಿಗುವುದು ಏಳು ಸಾವಿರ.

ಆ ವರ್ಷ ಕೊಳೆರೋಗ ಬಂದು ಅಡಿಕೆ ಅರ್ಧಕ್ಕರ್ಧ ಉದುರಿತ್ತು. ನಮ್ಮಲ್ಲಿ ಚಿಕ್ಕವಳ ನರ್ಸಿಂಗ್ ಕಾಲೇಜಿನ ಎರಡನೆಯ ಕಂತು ನಲವತ್ತೈದು ಸಾವಿರ ಬಾಕಿ ಇತ್ತು. ಲೆಕ್ಕ ಹಾಕಲು ಪೆನ್ನು ಬೇಕಿರಲಿಲ್ಲ.

ಆದರೆ ಬೆಳ್ಳಿ ಎಲ್ಲಿಂದ ಬಂತು? ಬೆಕ್ಕಿನ ಬೆಳ್ಳಿ ಬಣ್ಣ ಪ್ರಬಲ ಗುಣ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗಾದರೂ ಇರಲೇಬೇಕು. ಹನ್ನೊಂದು ವರ್ಷ ಆಂಬರ್ ಅಡಗಿದಂತೆ ಅಡಗುವುದಿಲ್ಲ. ಅಪ್ಪ ಮರಿಯ ಬೆನ್ನಿನ ಮೇಲೆ ಮೆಲ್ಲಗೆ ಊದಿದರು. ಕೂದಲು ಬಿಡಿಸಿಕೊಂಡಿತು. ತುದಿ ಬೆಳ್ಳಿ, ಬುಡ ಕಪ್ಪು. ಸ್ಮೋಕ್ ಆಗಿದ್ದರೆ ತಲೆಕೆಳಗಾಗಬೇಕಿತ್ತು. ಇದು ‘ಫೀವರ್ ಕೋಟ್’. ತಾಯಿಗೆ ಜ್ವರವೋ ದೊಡ್ಡ ಒತ್ತಡವೋ ಬಂದಾಗ ಹೊಟ್ಟೆಯೊಳಗಿನ ಮರಿಯ ಕೂದಲಿಗೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ. ಮರಿಗೆ ಇದರಿಂದ ತೊಂದರೆಯಿಲ್ಲ. ಕೆಲವು ತಿಂಗಳಲ್ಲಿ, ತಡವೆಂದರೆ ಒಂದು ವರ್ಷದೊಳಗೆ, ಆ ತುಪ್ಪಳ ಉದುರಿ ನಿಜವಾದ ಬಣ್ಣ ಬರುತ್ತದೆ. ಬಣ್ಣಕ್ಕೂ ಬಿಸಿಗೂ ಇರುವ ನಂಟು ಸಯಾಮಿ ಬೆಕ್ಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಅದರ ಬಣ್ಣ ಮಾಡುವ ಕಿಣ್ವ ತಂಪಿನಲ್ಲಷ್ಟೇ ಕೆಲಸ ಮಾಡುವುದರಿಂದ ಬೆಚ್ಚಗಿನ ಹೊಟ್ಟೆಯಿಂದ ಬರುವ ಮರಿ ಬೆಳ್ಳಗಿರುತ್ತದೆ. ಆಮೇಲೆ ಕಿವಿ, ಮೂತಿ, ಕಾಲು, ಬಾಲ ಕಪ್ಪಾಗುತ್ತವೆ.

ರಾತ್ರಿ ಊಟಕ್ಕೆ ಕೂತಾಗ ಮಾತು ಬಿಸಿಯಾಯಿತು. “ಅವರು ಕಣ್ಣಾರೆ ನೋಡಿ ತೆಗೆದುಕೊಳ್ಳುತ್ತಾರೆ, ನಾವು ಸುಳ್ಳು ಹೇಳಿದ್ದೇನು?” ಎಂದರು ಅಜ್ಜಿ. ಅಜ್ಜಿ ಮೊಮ್ಮಗಳ ಫೀಸಿನ ಚಿಂತೆಯಲ್ಲಿ ಆಡಿದ ಮಾತು ಅದು. ಅವರನ್ನು ದೂರಲು ನಮಗೆ ಮನಸ್ಸಿಲ್ಲ. ಅಮ್ಮ ಅನ್ನ ಬಡಿಸುತ್ತಲೇ ಇದ್ದರು. ಚಿಕ್ಕವಳೇ ಕೊನೆಗೆ ಹೇಳಿದಳು: “ಅಮ್ಮ, ಫೋನ್ ಮಾಡಿ ಹೇಳಿಬಿಡುವ. ಆಮೇಲೂ ಬೇಕೆಂದರೆ ಕೊಡುವ.”

ಸ್ಪೀಕರಿಗೆ ಹಾಕಿ ಹೇಳಿದೆವು. ಆ ಕಡೆಯಿಂದ ನಗು ಕೇಳಿತು. “ನೋಡಿ ಮಕ್ಕಳೇ, ಬಣ್ಣ ಹೋಗುತ್ತದೆಂದು ನನಗೂ ಗೊತ್ತು. ಅದು ಹೋಗುವ ಹೊತ್ತಿಗೆ ಮರಿ ನನ್ನ ಕೈಯಲ್ಲೂ ಇರುವುದಿಲ್ಲ. ಅದಕ್ಕೇ ನಾಳೆ ಕೊಡಿ ಎಂದದ್ದು.” ಆಮೇಲೂ ಬೇಕೆಂದರೆ ಕೊಡುವ ಎಂದಿದ್ದ ಚಿಕ್ಕವಳೇ ಕೈ ಅಡ್ಡ ಬೀಸಿದಳು. ಅಪ್ಪ ಫೋನು ಕೈಗೆ ತೆಗೆದುಕೊಂಡು, ಹನ್ನೆರಡು ವಾರ ತುಂಬುವ ತನಕ ಮರಿಗಳು ತಾಯಿಯ ಹತ್ತಿರವೇ ಇರುತ್ತವೆ, ಆಮೇಲೆ ಕಪ್ಪು ಮರಿಯ ಬೆಲೆಗೆ ಕೊಡುತ್ತೇವೆ, ಬೇಕಿದ್ದರೆ ಬನ್ನಿ ಎಂದರು. ಅವರು ಬರಲಿಲ್ಲ.

ಕಂತಿಗೆ ಅಮ್ಮ ಕುಟುಂಬಶ್ರೀ ಸಂಘದಿಂದ ಸಾಲ ತೆಗೆದರು. ಇನ್ನೂ ಕಟ್ಟುತ್ತಿದ್ದೇವೆ. ತಿಂಗಳಿಗೊಮ್ಮೆ ಸಂಘದ ಪುಸ್ತಕ ತೆಗೆಯುವಾಗ ಅರವತ್ತು ಸಾವಿರದ ನೆನಪು ಬರುವುದಿಲ್ಲ ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಹೊಸ ಬಣ್ಣದ ಆಸೆಯೇ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಚಂದವನ್ನು ನೋಡಿ ಹಿಗ್ಗುವುದು ತಪ್ಪೇ? ಆದರೆ ಬಣ್ಣದ ಜೊತೆ ಇನ್ನೇನು ಬರುತ್ತದೆಂದು ಕೇಳಬೇಕು. ಪೂರ್ತಿ ಬಿಳಿ, ನೀಲಿ ಕಣ್ಣಿನ ಬೆಕ್ಕುಗಳು ಹೆಚ್ಚಾಗಿ ಕಿವುಡಾಗಿರುತ್ತವೆ ಎಂದು ಡಾರ್ವಿನ್ ಹಿಂದೆಯೇ ಬರೆದಿದ್ದರು. ಈಗಲೂ ನಮಗೆ ಬರುವ ಹತ್ತು ಫೋನಿನಲ್ಲಿ ನಾಲ್ಕು ಅದಕ್ಕೇ. ಆಂಬರ್ ಬೇರೆ, ಅದು ಮೈಗೆ ಬಂದ ಬಣ್ಣವಷ್ಟೆ. ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಇನ್ನೂ ಬೇರೆ: 1961ರಲ್ಲಿ ಸ್ಕಾಟ್ಲೆಂಡಿನ ಹೊಲಮನೆಯೊಂದರಲ್ಲಿ ಸಿಕ್ಕಿದ ಆ ಮುದ್ದು ಕಿವಿಗೆ ಕಾರಣವಾದ ದೋಷವೇ ಕಾಲಿನ ಗಂಟುಗಳನ್ನೂ ಹಿಡಿಯುತ್ತದೆ. ಅಂಥದ್ದನ್ನು ನಮ್ಮ ಮನೆಯಲ್ಲಿ ಹುಟ್ಟಿಸುವುದಿಲ್ಲ.

ನಮ್ಮ ಮೀನು ಮಾರ್ಕೆಟಿನ ಮೂರು ಬಣ್ಣದ ಬೆಕ್ಕುಗಳಿಗೆ ವಂಶಾವಳಿ ಬೇಡ. ಅವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, ಕೆಂಚು ಬಣ್ಣದ ಗುಣ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ. ಆ ಗುಣದ ನಿಜವಾದ ಜೀನು ಯಾವುದೆಂದು ಜಪಾನಿನ ಮತ್ತು ಅಮೆರಿಕದ ಎರಡು ತಂಡಗಳು ವಿವರವಾಗಿ ಪ್ರಕಟಿಸಿದ್ದು 2025ರಲ್ಲಿ. ಅಷ್ಟು ತಡವಾಗಿ!

ನಾಲ್ಕನೆಯ ತಿಂಗಳಿನಿಂದ ಮರಿಗಳ ಮೈಯಿಂದ ಬೆಳ್ಳಿ ಉದುರತೊಡಗಿತು. ಮೊದಲು ಮುಖ, ಆಮೇಲೆ ಬೆನ್ನು. ಅಷ್ಟರಲ್ಲಿ ಎರಡು ಮರಿ ಏಳೇಳು ಸಾವಿರಕ್ಕೆ ಹೋಗಿದ್ದವು, ಒಂದು ಮಂಜೇಶ್ವರಕ್ಕೆ, ಒಂದು ಬದಿಯಡ್ಕಕ್ಕೆ. ಕಪ್ಪಾಗುತ್ತದೆ ಎಂದು ಇಬ್ಬರಿಗೂ ಹೇಳಿಯೇ ಕೊಟ್ಟದ್ದು. ಮಂಜೇಶ್ವರದ ಹುಡುಗಿ ವಾರಕ್ಕೊಂದು ಫೋಟೊ ಕಳಿಸಿ “ಇವತ್ತು ಕುತ್ತಿಗೆ ಆಯ್ತು, ಅಕ್ಕ” ಎನ್ನುತ್ತಿದ್ದಳು.

ಮೂರನೆಯದು ಮನೆಯಲ್ಲೇ ಉಳಿದಿದೆ. ಪ್ರದರ್ಶನಗಳಲ್ಲಿ ವಂಶಾವಳಿ ಇಲ್ಲದ ಮನೆಬೆಕ್ಕುಗಳಿಗೂ ಪ್ರತ್ಯೇಕ ವಿಭಾಗ ಇರುವುದುಂಟು. ಅಲ್ಲಿ ಬಣ್ಣದ ಮಾನದಂಡ ನೋಡುವುದಿಲ್ಲ, ಆರೋಗ್ಯ, ಚೊಕ್ಕಟ, ಸ್ವಭಾವ ನೋಡುತ್ತಾರೆ. ಚಿಕ್ಕವಳಿಗೆ ಒಮ್ಮೆ ಕರೆದುಕೊಂಡು ಹೋಗುವ ಆಸೆ. ಫಾರಂನಲ್ಲಿ ಬಣ್ಣದ ಕಾಲಂ ಇದ್ದರೆ ಕಪ್ಪು ಎಂದು ಬರೆಯುತ್ತೇವೆ. ಬಾಲದ ತುದಿಯಲ್ಲಿ ನಾಲ್ಕಾರು ಬೆಳ್ಳಿ ಕೂದಲು ಇನ್ನೂ ಇವೆ, ಮುಂದಿನ ಸಲ ತುಪ್ಪಳ ಉದುರುವ ತನಕ.