ಕಣ್ಣಿನಿಂದ ಶುರು ಮಾಡಬೇಡಿ

ಮನುಷ್ಯರ ಚಿತ್ರ ಬಿಡಿಸೋಕೆ ಹೊಸದಾಗಿ ಕೂತವರು ಮೊದಲು ಹೋಗೋದೇ ಕಣ್ಣಿಗೆ. ರೆಪ್ಪೆ ತಿದ್ದಿ ತಿದ್ದಿ, ಮೈಕೈಗೆ ಬರುವಷ್ಟರಲ್ಲಿ ಉತ್ಸಾಹವೇ ಮುಗಿದಿರುತ್ತೆ!

ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ 1951ರಲ್ಲಿ ಸೃಷ್ಟಿಸಿದ 'ಕಾಮನ್ ಮ್ಯಾನ್' ನೆನಪಿಸಿಕೊಳ್ಳಿ. ಕೋಟು, ಧೋತಿ, ಬೋಳುತಲೆಯ ಪಕ್ಕ ಕೆದರಿದ ಕೂದಲು... ಪೂರ್ತಿ ಕಪ್ಪು ಮಸಿ ಬಳಿದರೂ ಗುರುತು ಸಿಗುತ್ತೆ, ಅಲ್ವಾ?

ಅದಕ್ಕೇ ಮೊದಲು ಬೆನ್ನಿನ ಗೆರೆ ಎಳೀರಿ. ಆಮೇಲೆ ತಲೆ. ದೊಡ್ಡವರ ಎತ್ತರ ಸುಮಾರು 7ರಿಂದ 8 ತಲೆಯಷ್ಟು. ಕಣ್ಣು ಕೊನೆಗೆ, ಅದೂ ತಲೆಯ ನಡುಮಧ್ಯೆ.

ಅಮ್ಮ ಕಾಲು ನೀಡಿ ಕೂತು ಹೂ ಕಟ್ಟುತ್ತಿದ್ದುದನ್ನು ಹೀಗೇ ಅರ್ಧ ನಿಮಿಷದಲ್ಲಿ ಗೀಚಿದ್ದೆ. ಅದರಲ್ಲಿ ಮುಖವೇ ಇಲ್ಲ. ಈಗ ಅಮ್ಮನೂ ಇಲ್ಲ. ಆದ್ರೆ ಆ ಐದಾರು ಗೆರೆಯಲ್ಲಿರುವಷ್ಟು ಅಮ್ಮ ಯಾವ ಫೋಟೋದಲ್ಲೂ ಇಲ್ಲ.

ನಿಮ್ಮವರು ಎದುರಿಗೆ ಕೂತಿರುವಾಗಲೇ ಗೀಚಿಬಿಡಿ.